ಫೋಟೋ ಗ್ರೂಪಿಗೆ ಹಾಕಲಾ?

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಹೋದ ತಿಂಗಳು ಸ್ವೀಡನ್ನಿಂದ ಒಬ್ಬರು ಬಂದಿದ್ದರು. ನೋಡಿದರೆ ಥೇಟ್ ನಮ್ಮ ಕಡೆ ಹೆಂಗಸೇ, ಆದರೆ ಕನ್ನಡ, ಕೊಂಕಣಿ ಒಂದೂ ಬರುವುದಿಲ್ಲ. ಬಂಗಡೆಯ ಮುಳ್ಳು ಬಿಡಿಸುವುದನ್ನು ನಾನೇ ತೋರಿಸಿಕೊಟ್ಟೆ. 1981ರಲ್ಲಿ ಕೂಸಾಗಿದ್ದಾಗ ದತ್ತು ಹೋದವರಂತೆ. ಈಗ ದತ್ತು ಹೋದವರ ಹಕ್ಕಿನ ಬಗ್ಗೆ ಅಲ್ಲಿ ಬರೆಯುತ್ತಾರೆ. ತಾಯಿ ಈ ಕಡೆಯವಳಂತೆ, ಹುಡುಕಿಕೊಡಿ ಅಂದರು. ಅವರ ಫೋಟೋ ವಾಟ್ಸಾಪ್ ಗ್ರೂಪುಗಳಿಗೆ ಹಾಕಲಾ? ನಮ್ಮನೆಯವರು ಮಾತ್ರ, ಓದು, ಕೆಲಸ, ಮನೆ ಎಲ್ಲ ಇದೆಯಲ್ಲ, ಇನ್ನೇನು ಅವರ ದೂರು ಅಂತಾರೆ.
– ಹೆಸರು ಬೇಡ, ಕಾರವಾರ

ಉತ್ತರ: ಹಾಕಬೇಡಿ. ಆ ತಾಯಿ ಈಗ ಕುಮಟಾದಲ್ಲೋ ಅಂಕೋಲಾದಲ್ಲೋ ಮೊಮ್ಮಕ್ಕಳ ಜೊತೆ ಇರಬಹುದು, ಮನೆಯಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ. ಸಂಜೆಯೊಳಗೆ ಫೋಟೋ ಅವರ ಅಳಿಯನ ಮೊಬೈಲಿಗೆ ಬಂದಿರುತ್ತದೆ. ನಮ್ಮೂರ ಗ್ರೂಪುಗಳು ಗೊತ್ತಲ್ವಾ!

ಇನ್ನು ನಿಮ್ಮನೆಯವರ ಮಾತು. ಚೆನ್ನಾಗಿ ಸಾಕಿದರು ಅನ್ನುವುದಕ್ಕೂ ದತ್ತಿನ ಕಾಗದ ಸುಳ್ಳಾಗಿತ್ತು ಅನ್ನುವುದಕ್ಕೂ ಸಂಬಂಧವೇ ಇಲ್ಲ. ದಕ್ಷಿಣ ಕೊರಿಯಾದ ಸರ್ಕಾರಿ ಆಯೋಗವೇ 2025ರಲ್ಲಿ ಹೇಳಿತು, ಅಪ್ಪ ಅಮ್ಮ ಇದ್ದ ಮಕ್ಕಳನ್ನೂ ಅನಾಥರೆಂದು ಬರೆದು ವಿದೇಶಕ್ಕೆ ದತ್ತು ಕಳಿಸಿದ್ದರು ಅಂತ. ಅದೇ ವರ್ಷ ಸ್ವೀಡನ್ನಿನ ತನಿಖಾ ಸಮಿತಿ, ವಿದೇಶದಿಂದ ದತ್ತು ತರುವುದನ್ನೇ ನಿಲ್ಲಿಸಿ, ಕ್ಷಮೆಯನ್ನೂ ಕೇಳಿ ಎಂದಿತು. ಇದೆಲ್ಲ ಸುಮ್ನೆ ಆಗಲಿಲ್ಲ, ದತ್ತು ಹೋದವರು ವರ್ಷಗಟ್ಟಲೆ ಬರೆದು ಬರೆದು, ಬೈಸಿಕೊಂಡು ಆದದ್ದು. ಅಮೆರಿಕದಲ್ಲಂತೂ ಸಾಕಿದವರು ಪೌರತ್ವದ ಕೆಲಸ ಮುಗಿಸದೆ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಗಡೀಪಾರಾಗಿದ್ದಾರೆ. ದತ್ತು ಬಂದ ಮಕ್ಕಳಿಗೆ ತಾನಾಗಿಯೇ ಪೌರತ್ವ ಕೊಡುವ 2000ದ ಕಾನೂನೂ ಅಷ್ಟೇ, ಜಾರಿಗೆ ಬರುವಾಗ 18 ತುಂಬಿದ್ದವರಿಗೆ ಅದು ಅನ್ವಯಿಸಲಿಲ್ಲ. ಇದನ್ನೂ ದೂರು ಅನ್ನಬಾರದಾ?

ಈಗ ಕೆಲಸದ ಮಾತು. ವಿದೇಶಿ ದತ್ತಿಗೆ ನಮ್ಮ ಸುಪ್ರೀಂ ಕೋರ್ಟು ಕಟ್ಟುನಿಟ್ಟು ಮಾಡಿದ್ದು 1984ರಲ್ಲಿ, ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರದ ಮೇಲೆ. ನಿಮ್ಮ ಅತಿಥಿ ಅದಕ್ಕಿಂತ ಮೊದಲೇ ಹೋದವರು. ಆಗೆಲ್ಲ ವಿದೇಶಿಯರು 1890ರ ಪಾಲಕರ ಕಾಯ್ದೆಯಡಿ ಇಲ್ಲಿನ ಕೋರ್ಟಿನಿಂದ ಪಾಲಕತ್ವ ಪಡೆದು, ದತ್ತನ್ನು ತಮ್ಮ ದೇಶದಲ್ಲಿ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಆ ಆದೇಶದ ಪ್ರತಿ ಅವರ ಬಳಿ ಇದೆಯಾ ಕೇಳಿ. ಮೇಲ್ಗಡೆ ಯಾವ ಕೋರ್ಟು, ಯಾವ ಕೇಸ್ ನಂಬರ್ ಅಂತ ಇರುತ್ತದೆ, ಹುಡುಕಾಟ ಅಲ್ಲಿಂದ ಶುರು. ತಾಯಿ ಕರಾವಳಿಯವಳಾದರೂ ಕೋರ್ಟು ಬೇರೆ ಊರಿನದಾಗಿರಬಹುದು.

ಮೂಲ ಹುಡುಕಲು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ, ಅಂದರೆ ಕಾರಾಗೆ, ಅರ್ಜಿ ಹಾಕಬೇಕು. 18 ದಾಟಿದವರು ತಾವೇ ಹಾಕಬಹುದು. ಅವರ ಪರವಾಗಿ ನೀವು ಹಾಕುವಂತಿಲ್ಲ, 2022ರ ನಿಯಮ ಮೂರನೆಯವರಿಗೆ ಅವಕಾಶ ಕೊಡುವುದಿಲ್ಲ. ಮಗು ಒಪ್ಪಿಸುವಾಗಲೇ ತಾಯಿ ತನ್ನ ಹೆಸರು ಗುಟ್ಟಾಗಿರಲಿ ಎಂದಿದ್ದರೆ ಅದಕ್ಕೂ ಬೆಲೆ ಇದೆ. ನೀವು ಮಾಡಬಹುದಾದ್ದು ಇಷ್ಟು: ಹಳೆ ಕಾಗದದಲ್ಲಿ ಕನ್ನಡ ಇದ್ದರೆ ಓದಿ ಹೇಳಿ, ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಜೊತೆಗೆ ಹೋಗಿ. ತಾಯಿ ಸಿಕ್ಕಿದರೂ ಭೇಟಿ ಬೇಡ ಅನ್ನಬಹುದು ಅಂತ ಅವರಿಗೆ ಈಗಲೇ ಹೇಳಿಬಿಡಿ.