ಸೈಕಲ್ಲಿಗೆ ಕೀಲಿ ಹಾಕಿದ್ದೆ, ಆದರೂ ಹೋಯಿತು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸೈಕಲ್ ಕಳವಿನ ಬಗ್ಗೆ ಬರೆದವರೇ ಹೆಚ್ಚು. ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕ್ಲಾಸಿನ ಹೊರಗೆ ನಿಲ್ಲಿಸಿದ್ದ ಸೈಕಲ್ ಹಾಡಹಗಲೇ ಹೋಯಿತು. ಹಿಂದಿನ ಗಾಲಿಗೆ ರಿಂಗ್ ಲಾಕ್ ಹಾಕಿದ್ದೆ, ಚಾವಿ ಇನ್ನೂ ನನ್ನ ಕಿಸೆಯಲ್ಲೇ ಇದೆ. ಮುಂದಿನ ಸೈಕಲ್ಲಿಗೆ ಯಾವ ಕೀಲಿ ತರಲಿ?

ಉತ್ತರ: ರಿಂಗ್ ಲಾಕ್ ಗಾಲಿ ತಿರುಗದಂತೆ ಹಿಡಿಯುತ್ತದೆ ಅಷ್ಟೇ, ಸೈಕಲ್ಲನ್ನು ನಿಂತ ಜಾಗಕ್ಕೆ ಕಟ್ಟಿಹಾಕುವುದಿಲ್ಲ. ಕ್ಯಾರಿಯರ್ ಹಿಡಿದು ಹಿಂದಿನ ಗಾಲಿ ಎತ್ತಿ, ಮುಂದಿನ ಗಾಲಿಯ ಮೇಲೆ ತಳ್ಳಿಕೊಂಡು ಹೋದರೆ ಮುಗಿಯಿತು. ನೋಡಿದವರು ಪಂಕ್ಚರ್ ಆಗಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ.

ರಿಂಗ್ ಲಾಕ್ ಇರಲಿ, ಅದರ ಜೊತೆಗೆ ಎರಡನೆಯ ಕೀಲಿ ಬೇಕು. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕ್ ದಪ್ಪಗೆ ಕಾಣುತ್ತದೆ, ಆದರೆ ಒಳಗಿರುವುದು ತೆಳುವಾದ ತಂತಿಗಳ ಹುರಿ. ಕೈಯಲ್ಲಿ ಹಿಡಿಯುವ ಸಣ್ಣ ಕಟರ್ ಸಾಕು, ಒಂದೊಂದೇ ಎಳೆ ತುಂಡಾಗುತ್ತದೆ. ಅದರ ಬದಲು ಕೊಂಡಿಯ ದಪ್ಪ 8 ಮಿ.ಮೀ.ಗಿಂತ ಕಡಿಮೆ ಇಲ್ಲದ, ಗಡಸು ಉಕ್ಕಿನ ಸರಪಳಿ ಅಥವಾ ಯು ಲಾಕ್ (ಯು ಆಕಾರದ ದಪ್ಪ ಸರಳಿನ ಕೀಲಿ) ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಸರಪಳಿ ಸಾಮಾನ್ಯವಾಗಿ ಮೆದು ಕಬ್ಬಿಣದ್ದು. ವ್ಯತ್ಯಾಸ ತಿಳಿಯಲು ಕೊಂಡಿಯ ಮೇಲೆ ಅರ (ಫೈಲ್) ಹಾಕಿ ಒಮ್ಮೆ ಉಜ್ಜಬೇಕು. ಮೆದು ಕಬ್ಬಿಣವಾದರೆ ಅರ ಕಚ್ಚಿ ಹೊಳೆಯುವ ಗೀರು ಬೀಳುತ್ತದೆ. ಗಡಸು ಉಕ್ಕಿನ ಮೇಲೆ ಅರ ಜಾರಿಹೋಗುತ್ತದೆ.

ಕೀಲಿ ಎಷ್ಟೇ ಒಳ್ಳೆಯದಿದ್ದರೂ ಎಲ್ಲಿಂದ ಹಾಯಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮುಂದಿನ ಗಾಲಿಗೆ ಮಾತ್ರ ಹಾಕಿದರೆ ಪಾನಾ ಹಾಕಿ ಎರಡು ನಟ್ ಬಿಚ್ಚಿ, ಗಾಲಿ ನಿಮಗೆ ಬಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಹಿಂದಿನ ಗಾಲಿ, ಫ್ರೇಮು, ಕಂಬ, ಈ ಮೂರನ್ನೂ ಒಂದೇ ಸುತ್ತಿನಲ್ಲಿ ಹಿಡಿಯಿರಿ. ಸರಪಳಿ ನೆಲಕ್ಕೆ ತಾಗಬಾರದು. ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಕತ್ತರಿಸಲು ಬರುತ್ತದೆ. ಸೊಂಟದೆತ್ತರದಲ್ಲಿ ಆ ಬಲ ಸಿಗುವುದಿಲ್ಲ. ಸುತ್ತು ಬಿಗಿಯಾಗಿರಲಿ, ಯು ಲಾಕಿನೊಳಗೆ ಸರಳು ತೂರಿಸಿ ತಿರುಚುವಷ್ಟು ಜಾಗ ಉಳಿಯಬಾರದು.

ಕಂಬವನ್ನೂ ಪರೀಕ್ಷಿಸಿ. ಆಳೆತ್ತರದ ಬೋರ್ಡಿನ ಕಂಬವಾದರೆ ಸೈಕಲ್ಲನ್ನು ಕೀಲಿಸಮೇತ ಮೇಲಕ್ಕೆ ಎತ್ತಿ ತೆಗೆಯಬಹುದು. ಕೈಯಲ್ಲಿ ಅಲುಗಾಡಿಸಿ ನೋಡಿ, ಬುಡದಲ್ಲಿ ಬೋಲ್ಟ್ ಇದ್ದರೆ ಬಿಟ್ಟುಬಿಡಿ. ಗೋಡೆಯಲ್ಲಿ ಹೂತ ಕಿಟಕಿ ಸರಳು ಅದಕ್ಕಿಂತ ಎಷ್ಟೋ ವಾಸಿ.

ಗೇರ್ ಸೈಕಲ್ ಆದರೆ ಸೀಟಿನ ಕೆಳಗಿನ, ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಹಿಡಿಕೆ ತೆಗೆದು ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ತೂತಿರುವ ಬೋಲ್ಟ್) ಹಾಕಿಸಿ. 5 ಮಿ.ಮೀ. ಅಲೆನ್ ತೂತಿನೊಳಗೆ 3/16 ಇಂಚಿನ ಬೇರಿಂಗ್ ಗುಂಡು ಇಟ್ಟು ಮೇಲೆ ಮೇಣದಬತ್ತಿಯ ಎರಡು ಹನಿ ಬಿಟ್ಟರೆ ಅಲೆನ್ ಕೀ ಒಳಗೆ ಹೋಗುವುದಿಲ್ಲ. ನಿಮಗೆ ಬೇಕಾದಾಗ ಮೇಣ ಕೆರೆದು ಅಯಸ್ಕಾಂತದಿಂದ ಗುಂಡು ತೆಗೆಯಿರಿ.

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆ. ಕಂಪೌಂಡಿನೊಳಗೆ ಮೂರು ಸೈಕಲ್ ಇವೆ, ಕಟ್ಟಲು ಕಂಬವಿಲ್ಲ. ಗೇಟಿಗೆ ಕಟ್ಟಿದರೆ ಆದೀತೇ?

ಉತ್ತರ: ಗೇಟ್ ಬೇಡ. ಬಹಳಷ್ಟು ಗೇಟುಗಳನ್ನು ತಿರುಗಣಿಯಿಂದ ಮೇಲಕ್ಕೆತ್ತಿದರೆ ಕಳಚಿ ಬರುತ್ತವೆ. ನೆಲದಲ್ಲೇ ಒಂದು ಕೊಂಡಿ ಹೂಳಿಸಿ, ಗೌಂಡಿಗೆ ಅರ್ಧ ದಿನದ ಕೆಲಸ.

16 ಮಿ.ಮೀ. ಸರಳಿನ 4 ಅಡಿ ತುಂಡು ಬೇಕು. ಇಷ್ಟು ದಪ್ಪದ ಸರಳು ಮನೆಯಲ್ಲಿ ಬಗ್ಗುವುದಿಲ್ಲ, ಕಟ್ಟಡ ಕೆಲಸದ ಕಡೆ ಸರಳು ಬಗ್ಗಿಸುವವರಿಂದ ತಲೆಕೆಳಗಾದ ಯು ಆಕಾರಕ್ಕೆ ಬಗ್ಗಿಸಿ. ಮೇಲಿನ ಅಗಲ 6 ಇಂಚು, ಎರಡೂ ಕಾಲು 19 ಇಂಚು, ಕಾಲುಗಳ ತುದಿಯಲ್ಲಿ 2 ಇಂಚು ಹೊರಕ್ಕೆ ಮಡಿಕೆ. ಆ ಮಡಿಕೆ ಬಿಟ್ಟರೆ ನೆಟ್ಟಗಿನ ಸರಳನ್ನು ಅಲುಗಾಡಿಸಿ ಅಲುಗಾಡಿಸಿ ಕಿತ್ತುಬಿಡಬಹುದು. ಉದ್ದ, ಅಗಲ, ಆಳ ಒಂದೊಂದು ಅಡಿಯ ಗುಂಡಿ ತೆಗೆದು, 10 ಇಂಚು ಒಳಗೆ, 9 ಇಂಚು ಹೊರಗೆ ಬರುವಂತೆ ಕೊಂಡಿ ನಿಲ್ಲಿಸಿ. ಸಿಮೆಂಟ್, ಉಸುಕು, ಖಡಿ 1:2:4 ಪ್ರಮಾಣದಲ್ಲಿ ಹಾಕಿ ತುಂಬಿ, ಗುಂಡಿಯೊಂದಕ್ಕೆ ಸುಮಾರು 9 ಕಿಲೋ ಸಿಮೆಂಟ್ ಹಿಡಿಯುತ್ತದೆ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿ. ಅದಕ್ಕೂ ಮೊದಲು ಸೈಕಲ್ ಕಟ್ಟಿ ಎಳೆದಾಡಿದರೆ ಸರಳಿನ ಸುತ್ತ ಬಿರುಕು ಬಿಡುತ್ತದೆ. ನಡೆದಾಡುವಾಗ ಎಡವದಂತೆ ಗೋಡೆಯ ಪಕ್ಕದಲ್ಲೇ ಇರಲಿ.

ಪ್ರಶ್ನೆ: ಮಗಳು 10ನೇ ತರಗತಿ. ಸರ್ಕಾರದ ಯೋಜನೆಯಲ್ಲಿ ಹಿಂದೆ ಮನೆಗೆ ಬಂದ ಸೈಕಲ್ಲೇ ಇನ್ನೂ ಓಡಿಸುತ್ತಾಳೆ. ಶಾಲೆಯಲ್ಲಿ ಇಂಥವೆಲ್ಲವೂ ಒಂದೇ ಬಣ್ಣ, ಒಂದೇ ನಮೂನೆ. ಎರಡು ಸಲ ಅದಲುಬದಲಾಗಿದೆ. ಮೊನ್ನೆ ಚಾವಿಯೂ ಕೀಲಿಯೊಳಗೇ ಮುರಿಯಿತು. ಏನು ಮಾಡಲಿ? —ತಾಯಿ, ಬೆಟಗೇರಿ

ಉತ್ತರ: ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದ ಯೋಜನೆ 2006–07ರಲ್ಲಿ ಶುರುವಾದಾಗಿನಿಂದ ಇರುವ ತೊಂದರೆ ಇದು. ಅಗ್ಗದ ರಿಂಗ್ ಲಾಕುಗಳಲ್ಲಿ ಚಾವಿಯ ನಮೂನೆಗಳು ಕೆಲವೇ ಇರುವುದರಿಂದ ಒಬ್ಬರ ಚಾವಿ ಇನ್ನೊಬ್ಬರ ಕೀಲಿಗೆ ಹತ್ತುವುದೂ ಉಂಟು. ಮಕ್ಕಳದು ತಪ್ಪು ಅನ್ನಬೇಡಿ.

ಹಿಂದಿನ ಮಡ್‌ಗಾರ್ಡಿನ ಮೇಲೆ ಎದ್ದು ಕಾಣುವಂತೆ ಎನಾಮಲ್ ಪೇಂಟಿನಲ್ಲಿ ಗುರುತು ಹಾಕಿ. ಪೂರ್ತಿ ಹೆಸರು, ಫೋನ್ ನಂಬರ್ ಹೆಣ್ಣುಮಕ್ಕಳ ಸೈಕಲ್ ಮೇಲೆ ಬೇಡ, ಒಂದು ಹೂವೋ ಎರಡು ಪಟ್ಟೆಯೋ ಸಾಕು. ನಿಜವಾದ ಗುರುತು ಫ್ರೇಮ್ ನಂಬರ್. ಸೈಕಲ್ಲನ್ನು ತಲೆಕೆಳಗು ಮಾಡಿ, ಎರಡೂ ಪೆಡಲ್ ಕೂಡುವ ಜಾಗದ ಅಡಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಅಲ್ಲಿಲ್ಲದಿದ್ದರೆ ಸೀಟಿನ ಕೆಳಗಿನ ಕೊಳವೆ ನೋಡಿ. ಬಣ್ಣದಡಿ ಅಂಕಿ ಮಸುಕಾಗಿದ್ದರೆ ಸೀಮೆಸುಣ್ಣ ತಿಕ್ಕಿ ಬೆರಳಿಂದ ಒರೆಸಿದಾಗ ಕುಳಿಯಲ್ಲಿ ಬಿಳಿ ಉಳಿದು ಓದಲು ಬರುತ್ತದೆ. ಫೋಟೊ ತೆಗೆದಿಡಿ, ಕೈಯಲ್ಲೂ ಬರೆದಿಡಿ. ಸೊನ್ನೆ ಮತ್ತು ಇಂಗ್ಲಿಷಿನ ಓ ಅಕ್ಷರದ ನಡುವೆ ಗೊಂದಲ ಸಹಜ. ಹೆಸರು, ವಿಳಾಸದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹ್ಯಾಂಡಲ್ಲಿನ ರಬ್ಬರ್ ಹಿಡಿಯೊಳಗೆ ತೂರಿಸಿ. ಸೀಟಿನ ಕೊಳವೆಯಲ್ಲಿ ಹಾಕಿದರೆ ಜಾರಿ ಪೆಡಲ್ ಅಚ್ಚಿನ ಮೇಲೆ ಬಿದ್ದು ಗ್ರೀಸಿನಲ್ಲಿ ಹಾಳಾಗುತ್ತದೆ.

ಚಾವಿ ಮುರಿಯುವುದು ಮಳೆ ನೀರು, ಧೂಳು ಸೇರಿ ಕೀಲಿ ತುಕ್ಕು ಹಿಡಿದಾಗ. ಬಿಗಿಯಾದರೆ ತಿರುಚಬಾರದು. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಚಾವಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ, ಧೂಳು ಕೂಡಿ ಅಂಟಾಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ. ಎರಡನೇ ಚಾವಿ ಮನೆಯಲ್ಲಿರಲಿ, ಎರಡನ್ನೂ ಒಂದೇ ಗೊಂಚಲಿಗೆ ಹಾಕುವವರೇ ಹೆಚ್ಚು.

ಪ್ರಶ್ನೆ: ಹಾವೇರಿಯಲ್ಲಿ ಒಬ್ಬರು ಗೇರ್ ಸೈಕಲ್ಲನ್ನು ಬಹಳ ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ, ಬಿಲ್ ಕಳೆದಿದೆಯಂತೆ. ಕೊಳ್ಳಬಹುದೇ?

ಉತ್ತರ: ಬಿಲ್ ಕಳೆಯುವುದು ಇದ್ದದ್ದೇ. ಸೈಕಲ್ ತಿರುವಿಹಾಕಿ ನೋಡಿ. ಫ್ರೇಮ್ ನಂಬರಿನ ಜಾಗ ಉಜ್ಜಿದ್ದರೆ, ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ, ರಿಂಗ್ ಲಾಕ್ ಕಿತ್ತ ಗುರುತಿದ್ದು ಚಾವಿ ಇಲ್ಲದಿದ್ದರೆ ಬಿಟ್ಟು ಬನ್ನಿ. ಕಳವಿನದೆಂದು ಗೊತ್ತಿದ್ದೋ, ನಂಬಲು ಕಾರಣವಿದ್ದೋ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಗಳ ಹೊಸ ಕಾನೂನು) 317ನೇ ಕಲಮಿನಡಿ ಅಪರಾಧ. ಎಲ್ಲ ಸರಿ ಕಂಡರೆ ಮಾರುವವರ ಹೆಸರು, ಗುರುತಿನ ಚೀಟಿ ವಿವರ, ಫ್ರೇಮ್ ನಂಬರ್, ಬೆಲೆ ಬರೆದು ಇಬ್ಬರೂ ಸಹಿ ಮಾಡಿ. ಸಹಿಗೆ ಹಿಂಜರಿದರೆ ಅದೇ ಉತ್ತರ.

ಪ್ರಶ್ನೆ: ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಸೈಕಲ್ ಕಳವಾಯಿತು, ನಮ್ಮ ಮನೆ ಧಾರವಾಡದಲ್ಲಿ. ದೂರು ಎಲ್ಲಿ ಕೊಡಬೇಕು? ಸೈಕಲ್ಲಿಗೆಲ್ಲ ದೂರು ಯಾಕೆ ಅಂತ ಮನೆಯಲ್ಲಿ ಅನ್ನುತ್ತಾರೆ.

ಉತ್ತರ: ಕೊಡಲೇಬೇಕು. ಪೊಲೀಸರಿಗೆ ಸಿಕ್ಕ ಸೈಕಲ್ಲು ನಿಮ್ಮದೆಂದು ತೋರಿಸಲು ಆ ದೂರು, ಫ್ರೇಮ್ ನಂಬರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಮೊದಲು ಕಳವಾದ ಜಾಗದ ಅಂಗಡಿಗಳಲ್ಲಿ ಸಿಸಿಟಿವಿ ಇದೆಯೇ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ, ಅಳಿಸದೆ ಇಡಲು ಅಂದೇ ಹೇಳಿ. ಆ ಪ್ರದೇಶದ ಠಾಣೆಗೆ ಕೊಟ್ಟರೆ ತನಿಖೆ ಬೇಗ ಶುರುವಾಗುತ್ತದೆ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ದೂರು, ತನಿಖೆ, ವಿಚಾರಣೆಯ ವಿಧಾನ ಹೇಳುವ ಕಾನೂನು) 173ನೇ ಕಲಮಿನಂತೆ ಕೃತ್ಯ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಗಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ‘ಕಳೆದುಹೋಗಿದೆ’ ಎಂದು ಬರೆಯಬೇಡಿ, ‘ಕಳವಾಗಿದೆ’ ಎಂದೇ ಬರೆಯಿರಿ. ಕಳೆದ ವಸ್ತುವಿನ ವರದಿ ಬೇರೆ, ಕಳವಿನ ದೂರು ಬೇರೆ.

ಬಿಲ್ ಲಗತ್ತಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಹಗುರವಾಗಿ ನೋಡುತ್ತದೆ, ಮೊದಲ ಸಲದ ಅಪರಾಧಿ ಮಾಲು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಆದ್ದರಿಂದ ಬೆಲೆಯನ್ನು ಅಂದಾಜಿನಲ್ಲಿ ಬರೆಯದೆ ಕಾಗದದಿಂದ ತೋರಿಸಿ. ಬಿಲ್ಲಿನಲ್ಲಿ ಫ್ರೇಮ್ ನಂಬರ್ ಇಲ್ಲದಿದ್ದರೆ ಕೊಂಡ ಅಂಗಡಿಗೆ ಹೋಗಿ, ಅವರ ದಾಖಲೆಯಲ್ಲಿ ಇದ್ದರೆ ಬರೆಸಿಕೊಂಡು ಮೊಹರು ಹಾಕಿಸಿ.