ಮಗು ಎಲ್ಲಿಂದ ಬರುತ್ತೆ ಅಂತ ಆರು ವರ್ಷದ ಮಗ ಕೇಳಿದರೆ ಯಾವ ಕಥೆ ಹೇಳಲಿ?

ಯಾವ ಕಥೆಯೂ ಬೇಡ. 'ಆಸ್ಪತ್ರೆಯಲ್ಲಿ ಕೊಡ್ತಾರೆ' ಅಂದರೆ ಮಗ ಒಪ್ಪುತ್ತಿಲ್ಲ, ಹೈಸ್ಕೂಲು ಸೇರುವ ತನಕ ನಂಬುವಂಥ ಬೇರೆ ಏನಾದರೂ ಹೇಳಿಕೊಡಿ ಅಂದಿದ್ದೀರಿ. ಅಂಥದ್ದೊಂದು ನಾನೂ ಹೇಳಿದ್ದೆ. ನನ್ನ ಮಗಳು ನಂಬಿದಳು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಮ್ಮೂರು ಪಾಂಡವಪುರದ ಹತ್ತಿರದ ಹಳ್ಳಿ, ಈಗ ಇರೋದು ಮಂಡ್ಯದಲ್ಲಿ. 2014ರಲ್ಲಿ ಎರಡನೆಯವಳು ಹೊಟ್ಟೆಯಲ್ಲಿದ್ದಾಗ ದೊಡ್ಡವಳಿಗೆ ಐದು ವರ್ಷ. ಒಂದು ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ "ಪಾಪು ಹೊಟ್ಟೆಯೊಳಗೆ ಹೆಂಗೆ ಹೋಯ್ತಮ್ಮ?" ಅಂದುಬಿಟ್ಟಳು. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ನಗ್ತಾ ಇದ್ದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯದೆ, "ಮೇಲುಕೋಟೆಗೆ ಹೋಗಿದ್ವಲ್ಲ, ಅಲ್ಲಿ ಪ್ರಸಾದ ತಿಂದೆ, ಅದೇ ಹೊಟ್ಟೆಗೆ ಹೋಗಿ ಪಾಪು ಆಯ್ತು" ಅಂದೆ. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹೆರಿಗೆ ಮೈಸೂರಿನಲ್ಲಿ ಆಯ್ತು, ಸಿಸೇರಿಯನ್. ನನಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಅತ್ತೆಮನೆಯಲ್ಲೇ. ಒಂದು ದಿನ ಸೀರೆ ಸಡಿಲ ಮಾಡಿಕೊಂಡು ಮಲಗಿದ್ದಾಗ ಮಗಳು ಹೊಲಿಗೆ ನೋಡಿ "ಇದೇನು?" ಅಂದಳು. "ಇಲ್ಲಿ ಕುಯ್ದು ಪಾಪುನ ತೆಗೆದ್ರು ಕಂದ" ಅಂದೆ. ಅದು ನಿಜವೇ.

ಆಮೇಲೆ ಅವಳು ಊಟ ಬಿಡುತ್ತಾ ಬಂದಳು. ಮೊದಲು ಪುಳಿಯೋಗರೆ, ಆಮೇಲೆ ಅನ್ನ, ಕೊನೆಗೆ ಮುದ್ದೆ. ಎರಡೂವರೆ ತಿಂಗಳಲ್ಲಿ ಹದಿನೇಳು ಕೆಜಿ ಇದ್ದವಳು ಹದಿನಾಲ್ಕಕ್ಕೆ ಇಳಿದಳು. ಡಾಕ್ಟರು ಜಂತುಹುಳಕ್ಕೆ ಮಾತ್ರೆ, ಹಸಿವಿಗೆ ಟಾನಿಕ್ ಕೊಟ್ಟರು. ಕೆಲವರು ದೃಷ್ಟಿ ಅಂದರು, ಕೆಲವರು ತಂಗಿ ಮೇಲೆ ಹೊಟ್ಟೆಕಿಚ್ಚು ಅಂದರು. ನಾನೂ ಅದನ್ನೇ ನಂಬಿ, ಊಟಕ್ಕೆ ಕೂತಾಗ ಎರಡು ಸಲ ಹೊಡೆದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಗುಟ್ಟು ಬಯಲು ಮಾಡಿದ್ದು ನಮ್ಮತ್ತೆ. ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಇರುವೆ ಸಾಲು ಹರೀತಿತ್ತು. ಬಗ್ಗಿ ನೋಡಿದರೆ ಅಗಿದು ಉಗಿದ ಮುದ್ದೆ! ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯಲ್ಲ, ಸಾರಿನಲ್ಲಿ ಅದ್ದಿ ನುಂಗೋದು. ಈ ಮಗು ಬಾಯಲ್ಲೇ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗಿದು ಬರ್ತಾ ಇತ್ತು.

"ಯಾಕ್ ಮಗ ಉಗುದ್ಬುಟ್ಟಿದೀಯೆ?"

"ನುಂಗಿದ್ರೆ ಪಾಪು ಆಗುತ್ತೆ ಅಜ್ಜಿ. ಆಮೇಲೆ ಹೊಟ್ಟೆ ಕುಯ್ತಾರೆ."

ನನ್ನ ತಪ್ಪು ಇದೇ, ಇದನ್ನು ಎಷ್ಟು ಬಿಡಿಸಿ ಹೇಳಿದರೂ ಸಾಲದು. ಸುಳ್ಳು ಒಂಟಿಯಾಗಿ ಇರಲ್ಲ, ಪಕ್ಕದಲ್ಲಿರೋ ನಿಜದ ಜೊತೆ ಸೇರಿಕೊಳ್ಳುತ್ತೆ. 'ತಿಂದರೆ ಪಾಪು ಆಗುತ್ತೆ' ಅನ್ನೋದು ಸುಳ್ಳು, 'ಕುಯ್ದು ತೆಗೆದರು' ಅನ್ನೋದು ನಿಜ. ಎರಡನ್ನೂ ಕೂಡಿಸಿದ್ದು ಮಗುವಿನ ಬುದ್ಧಿ, ಅದೂ ಸರಿಯಾಗಿಯೇ ಕೂಡಿಸಿತು. ಅದರ ಮೇಲೆ ನಾನು 'ಹೊಟ್ಟೆ' ಅಂದೆ. ಅನ್ನ ಹೋಗೋದೂ ಹೊಟ್ಟೆಗೆ, ಪಾಪು ಇರೋದೂ ಹೊಟ್ಟೆಯಲ್ಲಿ ಅಂದರೆ ಐದು ವರ್ಷದ ಮಗು ಇನ್ನೇನು ತಿಳ್ಕೊಳ್ಳುತ್ತೆ? 'ಗರ್ಭಕೋಶ' ಅನ್ನೋ ಒಂದು ಪದ ಹೇಳಿದ್ದರೆ ಆ ಮೂರು ಕೆಜಿ ಇಳೀತಿರಲಿಲ್ಲ.

ಓದು ಬರಹ ಬಾರದ ಅತ್ತೆ ಅವಳನ್ನು ಕೊಟ್ಟಿಗೆಗೆ ಕರ್ಕೊಂಡು ಹೋದರು. "ಹೋದ್ ತಿಂಗಳು ಗೌರಿ ಕರ ಹಾಕ್ದಾಗ ನೋಡ್ದಲ್ಲವ್ವ? ಅದು ತಿಂದ ಹುಲ್ಲೆಲ್ಲ ಕರ ಆಯ್ತದಾ? ಹುಲ್ಲು ಹೋಗೋ ಜಾಗ ಬ್ಯಾರೆ, ಕರ ಬೆಳೆಯೋ ಚೀಲ ಬ್ಯಾರೆ. ನಿಮ್ಮವ್ವಂಗೂ ಅಂಗೇ ಒಂದು ಚೀಲ ಅದೆ. ದೊಡ್ಡೋರಾದ ಗಂಡು ಹೆಣ್ಣು ಸೇರುದ್ರೇನೆ ಕೂಸಾಗೋದು, ಮುದ್ದೆ ತಿಂದ್ರಲ್ಲ ಕಣ್ ಮಗ." ಅವತ್ತು ರಾತ್ರಿ ಅವಳು ಅರ್ಧ ಮುದ್ದೆ ನುಂಗಿದಳು.

ತೂಕ ಬೇಗ ಬಂತು, ನನ್ನ ಮೇಲಿನ ನಂಬಿಕೆ ಬರಲಿಲ್ಲ. ನಾನು ಏನೇ ಹೇಳಿದರೂ "ಹೌದಾ ಅಜ್ಜಿ?" ಅಂತ ಕೇಳೋಳು. ಹನ್ನೆರಡಕ್ಕೆ ದೊಡ್ಡವಳಾದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ಅವಳು ಬಚ್ಚಲಿಂದ ಬಂದವಳೇ ಊರಿಗೆ ಫೋನು ಮಾಡಿ ಅಜ್ಜಿಗೆ ಹೇಳಿದಳು.

ಹಾಗಾಗಿ ಚಿಕ್ಕವಳಿಗೆ ಮೊದಲಿಂದ ನಿಜವನ್ನೇ ಹೇಳಿದೆ. ನಾಲ್ಕಕ್ಕೆ, ಅಮ್ಮನ ಒಳಗೆ ಗರ್ಭಕೋಶ ಇದೆ, ಮಾಮೂಲಿಗೆ ಮುಷ್ಟಿಯಷ್ಟು, ಮಗು ಬೆಳೆದ ಹಾಗೆ ಹಿಗ್ಗುತ್ತೆ, ಊಟ ಹೊಕ್ಕಳಬಳ್ಳಿಯಿಂದ ಹೋಗುತ್ತೆ, ಬಸಿರು ಹಸುವಿಗೂ ನಮಗೂ ಹೆಚ್ಚುಕಡಿಮೆ 280 ದಿನ. ಏಳಕ್ಕೆ, ಅಮ್ಮನ ಅಂಡಾಣು, ಅಪ್ಪನ ವೀರ್ಯಾಣು. ಅವು ಹೇಗೆ ಸೇರುತ್ತವೆ ಅನ್ನೋದು ಅವಳೇ ಕೇಳಿದಾಗ, ಒಂಬತ್ತಕ್ಕೆ. ನೀವು ಹೈಸ್ಕೂಲು ಅಂತೀರಿ. ವಿಶ್ವಸಂಸ್ಥೆಯ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗಸೂಚಿಯಲ್ಲಿ ಈ ಪಾಠ 5ರಿಂದ 8 ವರ್ಷದವರಿಗೇ ಶುರುವಾಗುತ್ತೆ. ನಿಮ್ಮ ಮಗನದೂ ಅದೇ ವಯಸ್ಸು.

ಗಂಡುಮಗುವಿಗೆ ಯಾಕೆ ಇದೆಲ್ಲ ಅಂತ ಮನೆಯಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ನನಗೆ ಎರಡನೆಯದೂ ಹೆಣ್ಣಾದಾಗ "ಇದೂ ಹೆಣ್ಣೇ ಹೆತ್ಲಾ" ಅಂದವರು ಎಷ್ಟೋ ಜನ. ಹೆಣ್ಣೋ ಗಂಡೋ ಅನ್ನೋದು ತೀರ್ಮಾನ ಆಗೋದು ಅಪ್ಪನ ವೀರ್ಯಾಣುವಿನಿಂದ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಕದ್ದು ಸ್ಕ್ಯಾನಿಂಗ್ ಮಾಡಿ ಹೆಣ್ಣುಭ್ರೂಣ ಪತ್ತೆ ಮಾಡ್ತಿದ್ದದ್ದು ಬಯಲಾಯಿತು. ಅಲ್ಲಿಗೆ ಹೆಂಡತಿಯರನ್ನು ಕಳಿಸಿದ ಗಂಡಂದಿರೂ ಒಂದು ಕಾಲಕ್ಕೆ ಆರು ವರ್ಷದ ಹುಡುಗರೇ.

ಸದ್ಯಕ್ಕೆ ನಿಮ್ಮ ಮಗ ಮತ್ತೆ ಕೇಳಲಿ ಅಂತ ಕಾಯಬೇಡಿ. ಒಂದು ಸಲ ಸುಳ್ಳು ಅನ್ನಿಸಿದರೆ ಮಕ್ಕಳು ಕೇಳೋದನ್ನೇ ಬಿಡ್ತಾರೆ. ಇವತ್ತು ಮಲಗಿಸುವಾಗ ನೀವೇ ಶುರು ಮಾಡಿ: "ಮೊನ್ನೆ ಪಾಪು ಬಗ್ಗೆ ಕೇಳಿದೆಯಲ್ಲ, ನಾನು ಹೇಳಿದ್ದು ಸರಿಯಿರಲಿಲ್ಲ ಮಗನೇ. ನೀನೇನು ಅಂದುಕೊಂಡಿದ್ದೀಯ, ಮೊದಲು ಅದನ್ನು ಹೇಳು."