ಸಿಆರ್‌ಪಿ ಇಳಿದರೂ ಪ್ಲೇಟ್‌ಲೆಟ್ ಯಾಕೆ ಕಡಿಮೆಯಾಗುತ್ತಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಊರು ಜಮಖಂಡಿ ಹತ್ತಿರ. ಅಪ್ಪನಿಗೆ 61 ವರ್ಷ, ಶುಗರ್ ಇದೆ. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿ ಕೀವಾಯಿತು, ರಕ್ತಕ್ಕೆ ನಂಜು ಏರಿತು. ಐದು ದಿನದಿಂದ ಬೆಳಗಾವಿಯಲ್ಲಿ ಐಸಿಯುನಲ್ಲಿದ್ದಾರೆ. ಸಿಆರ್‌ಪಿ 286ರಿಂದ 140ಕ್ಕೆ ಇಳಿದಿದೆ. ಆದರೆ ಪ್ಲೇಟ್‌ಲೆಟ್ 1.6 ಲಕ್ಷದಿಂದ 58 ಸಾವಿರಕ್ಕೆ ಬಂದಿದೆ. ಡಿ-ಡೈಮರ್ ಬಹಳ ಜಾಸ್ತಿ. ಪಿಟಿ 17 ಸೆಕೆಂಡ್, ಕಂಟ್ರೋಲ್ 13. ಫೈಬ್ರಿನೋಜನ್ 520 ಇದ್ದದ್ದು ಈಗ 310. ಒಳಗೆ ರಕ್ತ ಹೆಪ್ಪುಗಟ್ಟುತ್ತಿದೆ ಅಂತಾರೆ. ನೋಡಿದರೆ ಸೂಜಿ ಚುಚ್ಚಿದಲ್ಲಿ ರಕ್ತ ಒಸರುತ್ತಿದೆ. ಎರಡೂ ಒಟ್ಟಿಗೆ ಹೇಗೆ? ಪ್ಲೇಟ್‌ಲೆಟ್ ಹಾಕಿ ಅಂದರೆ ಈಗಲೇ ಬೇಡ ಅಂತಾರೆ.

ಉತ್ತರ: ಸಿಆರ್‌ಪಿ ಇಳಿದದ್ದು ಒಳ್ಳೆಯದೇ. ಆದರೆ ಅದೊಂದನ್ನೇ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಉರಿಯೂತ ಎಷ್ಟಿದೆ ಅಂತ ಅದು ಹೇಳುತ್ತದೆ. ರಕ್ತನಾಳದೊಳಗೆ ಏನಾಗುತ್ತಿದೆ ಅಂತ ಹೇಳುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ರಕ್ತಪರೀಕ್ಷೆ ಕೂಡ ಹಾಗೆಯೇ. ಅದು ಬ್ಯಾಕ್ಟೀರಿಯಾ ಸೋಂಕಿನ ಸುಳಿವು, ಅಷ್ಟೇ.

ನಂಜು ರಕ್ತಕ್ಕೆ ಸೇರಿದಾಗ ಬಿಳಿ ರಕ್ತಕಣಗಳು ಐಎಲ್-6ನಂಥ ರಾಸಾಯನಿಕ ಬಿಡುತ್ತವೆ. ಲಿವರ್‌ಗೆ ಸಿಆರ್‌ಪಿ ಮಾಡು ಅಂತ ಹೇಳುವುದು ಅದೇ. ಜೊತೆಗೆ ಆ ಕಣಗಳ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಬರುತ್ತದೆ. ಇದು ರಕ್ತ ಹೆಪ್ಪುಗಟ್ಟುವ ಕೆಲಸ ಶುರು ಮಾಡುತ್ತದೆ. ಗಾಯವೇ ಇಲ್ಲದ ಕಡೆಯೂ, ಕಿಡ್ನಿಯ, ಕಾಲ್ಬೆರಳಿನ ಕೂದಲೆಳೆಗಿಂತ ಸಣ್ಣ ನಾಳಗಳಲ್ಲೂ ಹೆಪ್ಪು ಕೂರುತ್ತದೆ. ಪ್ಲೇಟ್‌ಲೆಟ್, ಹೆಪ್ಪುಗಟ್ಟಿಸುವ ಪ್ರೋಟೀನ್ ಎಲ್ಲ ಅಲ್ಲೇ ಖರ್ಚಾಗುತ್ತವೆ. ಸೂಜಿ ಚುಚ್ಚಿದ ಜಾಗಕ್ಕೆ ಬೇಕಾದಾಗ ಸಾಲುವುದಿಲ್ಲ. ಅದಕ್ಕೇ ಒಸರುತ್ತದೆ. ಎರಡೂ ಒಂದೇ ಕಾಯಿಲೆ. ಇದಕ್ಕೆ ಡಿಐಸಿ ಅಂತಾರೆ.

ಈಗ ನಿಮ್ಮ ರಿಪೋರ್ಟನ್ನೇ ಲೆಕ್ಕ ಹಾಕೋಣ. ಡಿಐಸಿಗೆ ಅಂಕ ಕೊಡುವ ಒಂದು ಪದ್ಧತಿ ಇದೆ. ಪ್ಲೇಟ್‌ಲೆಟ್ 50 ಸಾವಿರದಿಂದ 1 ಲಕ್ಷದೊಳಗೆ, 1 ಅಂಕ. ಡಿ-ಡೈಮರ್, ಅಂದರೆ ಹೆಪ್ಪು ಕರಗಿದಾಗ ರಕ್ತಕ್ಕೆ ಸೇರುವ ಚೂರು, ತುಂಬಾ ಏರಿದ್ದರೆ 3. ಪಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಕಂಟ್ರೋಲ್‌ಗಿಂತ (ನಾರ್ಮಲ್ ರಕ್ತಕ್ಕಿಂತ) 4 ಸೆಕೆಂಡ್ ಜಾಸ್ತಿ, ಅದಕ್ಕೆ 1. ಫೈಬ್ರಿನೋಜನ್ ಎಂಬ ಹೆಪ್ಪುಗಟ್ಟಿಸುವ ಪ್ರೋಟೀನ್ 100ಕ್ಕಿಂತ ಮೇಲಿದೆ, 0. ಒಟ್ಟು 5. ಐದು ದಾಟದಿದ್ದರೂ, ಐದು ಮುಟ್ಟಿದರೇ ಡಿಐಸಿ ಅಂತ ಲೆಕ್ಕ. ನೋಡಿ, ಇದರಲ್ಲಿ ಸಿಆರ್‌ಪಿ ಎಲ್ಲೂ ಇಲ್ಲ.

ಫೈಬ್ರಿನೋಜನ್ 310 ನೋಡಿ ನಾರ್ಮಲ್ ಅಲ್ವಾ ಅನ್ನಬೇಡಿ. 200ರಿಂದ 400 ನಾರ್ಮಲ್, ನಿಜ. ಆದರೆ ನಂಜಿನಲ್ಲಿ ಅದು ಏರಬೇಕಾದದ್ದು. 520ರಿಂದ ಇಳಿದಿದೆ ಅಂದರೆ ಖರ್ಚಾಗುತ್ತಿದೆ ಅಂತಲೇ ನಾನು ಓದುತ್ತೇನೆ. ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಆದ ಬದಲಾವಣೆ ಮುಖ್ಯ.

ಪ್ಲೇಟ್‌ಲೆಟ್ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಜೋರಾಗಿ ರಕ್ತಸ್ರಾವ ಆಗುತ್ತಿದ್ದು 50 ಸಾವಿರಕ್ಕಿಂತ ಇಳಿದರೆ, ಅಥವಾ ಆಪರೇಷನ್ ಮಾಡಬೇಕಾದರೆ ಹಾಕುತ್ತೇವೆ. ಸ್ರಾವವೇ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದವರೆಗೂ ಕಾಯುತ್ತೇವೆ. ಪ್ಲೇಟ್‌ಲೆಟ್ ಇಳಿಯಿತು ಅಂದರೆ ಎಲ್ಲರಿಗೂ ಡೆಂಗ್ಯೂ ನೆನಪಾಗುತ್ತದೆ. ದಯವಿಟ್ಟು ಯಾರೋ ಹೇಳಿದರು ಅಂತ ಪಪ್ಪಾಯಿ ಎಲೆ ರಸ ತಂದು ಕುಡಿಸಬೇಡಿ.

ನಂಜಿನ ಮೂಲ ಹೋಗದೆ ಡಿಐಸಿ ನಿಲ್ಲುವುದಿಲ್ಲ. ನಾಳೆ ರೌಂಡ್ಸ್‌ಗೆ ಡಾಕ್ಟರ್ ಬಂದಾಗ ಮೊದಲು ಇದನ್ನು ಕೇಳಿ: ಅಂಗಾಲಿನ ಕೀವು ಪೂರ್ತಿ ತೆಗೆದಿದ್ದೀರಾ, ಒಳಗೆ ಇನ್ನೂ ಉಳಿದಿದೆಯಾ? ಆಮೇಲೆ ಮೂತ್ರ ಗಂಟೆಗೆ ಎಷ್ಟು ಹೋಗುತ್ತಿದೆ ಅಂತ ಕೇಳಿ. ಅಪ್ಪನ ಕಾಲ್ಬೆರಳು ತಣ್ಣಗಾಗಿ ಕಪ್ಪಾಗಿದೆಯಾ, ಒತ್ತಿದರೂ ಮಾಸದ ಸಣ್ಣ ಕೆಂಪು ಚುಕ್ಕೆಗಳು ಮೈಮೇಲೆ ಇವೆಯಾ ನೋಡಿ. ಕಂಡರೆ ಬೆಳಗಾಗಲಿ ಅಂತ ಕಾಯದೆ, ಆಗಲೇ ನರ್ಸ್‌ಗೆ ತೋರಿಸಿ.